ಚೀಲದಲ್ಲೇ ಉಳಿದ ಡೇರೆ ಗೆಡ್ಡೆ

ಪ್ರಶ್ನೆ: ನನಗೆ 51 ವರ್ಷ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಎರಡು ಎಕರೆ ಅಡಿಕೆ ತೋಟವಿದೆ. ಮಳೆ ಹಿಡಿಯಿತೆಂದರೆ ಅಡಿಕೆಯ ಕೊಳೆರೋಗದ ಯೋಚನೆ, ಅದರ ಹಿಂದೆಯೇ ಎಲೆಚುಕ್ಕಿ ರೋಗದ್ದು. ಬೆಂಗಳೂರಿನಲ್ಲಿರುವ ಮಗಳು ಫೋನ್ ಎತ್ತದಿದ್ದರೆ ಎದೆ ಹೊಡೆದುಕೊಳ್ಳುತ್ತದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಪ್ರತಿ ಮಳೆಗಾಲ ಅಂಗಳದ ತುಂಬ ಡೇರೆ (ಡೇಲಿಯಾ) ಹೂವು ಬೆಳೆಸುತ್ತಿದ್ದೆ. ಈ ಸಲ ಗೆಡ್ಡೆಯನ್ನು ಚೀಲದಿಂದ ತೆಗೆದೂ ಇಲ್ಲ. ‘ಚಿಂತೆ ಬಿಟ್ಟು ಖುಷಿಯಾಗಿರು’ ಎನ್ನುತ್ತಾರೆ ಯಜಮಾನರು. ಹೇಗೆ?

ಉತ್ತರ: ಯಜಮಾನರ ಮಾತಿನಲ್ಲಿ ಪ್ರೀತಿಯಿದೆ, ಉಪಾಯವಿಲ್ಲ. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ಕಟ್ಟಿದವನಿಗೆ ಅಡಿಕೆ ತೋಟ ಇದ್ದಿರಲಾರದು. ಖುಷಿಯೇನು ಅದೇ ಸಂತೆಯಲ್ಲಿ ಆರಿಸಿ ತರುವ ಬದನೆಕಾಯಿಯೇ?

ಬರಬೇಡ ಎಂದು ತಡೆದಷ್ಟೂ ಯೋಚನೆ ಹೆಚ್ಚು ಬರುತ್ತದೆ. ಓಡಿಸಲು ಹೋಗದೆ ಅದಕ್ಕೊಂದು ಹೊತ್ತು ಗೊತ್ತು ಮಾಡಿ. ಸಂಜೆ ನಾಲ್ಕರ ಕಾಫಿಯಾದ ಮೇಲೆ ಇಪ್ಪತ್ತು ನಿಮಿಷ ಜಗಲಿಯಲ್ಲಿ ಕುಳಿತು, ಡೇರಿಯ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಅಂದಿನ ಚಿಂತೆಗಳನ್ನೆಲ್ಲ ಬರೆಯಿರಿ. ಬೇರೆ ಹೊತ್ತಿನಲ್ಲಿ ಬಂದದ್ದನ್ನು ಒಂದು ಪದದಲ್ಲಿ ಗೀಚಿ ‘ನಾಲ್ಕಕ್ಕೆ ನೋಡೋಣ’ ಎಂದು ಮುಂದೂಡಿ. ಮೊದಲ ವಾರ ನಗು ಬರಬಹುದು. ಎರಡು ವಾರವಾದರೂ ಬಿಡದೆ ಮಾಡಿ.

ಬರೆದದ್ದರಲ್ಲಿ ಕೈಗೆ ಕೆಲಸ ಕೊಡುವ ಚಿಂತೆ ಯಾವುದು, ಕೊಡದ್ದು ಯಾವುದು ಎಂದು ಗುರುತು ಹಾಕಿ. ಕೊಳೆಯದು ಮೊದಲ ಜಾತಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆಗೆ ಮುಂಚೆ ಒಮ್ಮೆ, 40–45 ದಿನಕ್ಕೆ ಮತ್ತೊಮ್ಮೆ ಈ ಬೋರ್ಡೋ ದ್ರಾವಣ ಹೊಡೆಯುವ ಲೆಕ್ಕ ನಿಮಗೆ ಬಾಯಿಪಾಠ. ಹಾಗಾದರೆ ಪುಸ್ತಕದಲ್ಲಿ ‘ಕೊಳೆ ಬಂದರೆ?’ ಎಂಬ ಸಾಲಿನ ಎದುರು ಮುಂದಿನ ಔಷಧಿಯ ದಿನ, ಹೊಡೆಯಲು ಬರುವವರ ಹೆಸರು ಬರೆಯಿರಿ. ಆಗುಂಬೆಯ ಕಡೆಯಿಂದ ಏರಿ ಬರುವ ಮೋಡಕ್ಕೆ ಹಾಗೆ ಬರೆಯಲು ಏನೂ ಇಲ್ಲ. ಆ ಸಾಲು ಖಾಲಿಯೇ ಇರಲಿ.

ಮಗಳಿಗೆ ಐದು ಸಲ ಫೋನ್ ಮಾಡಿದರೆ ಐದನೆಯದಕ್ಕೆ ಎತ್ತುತ್ತಾಳೆ, ಜೀವ ತಂಪಾಗುತ್ತದೆ. ಆದರೆ ಮನಸ್ಸು ಕಲಿಯುವ ಪಾಠ ಬೇರೆ: ಐದು ಸಲ ಮಾಡಿದ್ದರಿಂದಲೇ ಎಲ್ಲ ಸರಿಯಿದೆ ಎಂದು. ನಾಳೆ ಆರು ಸಲ ಬೇಕಾಗುತ್ತದೆ. ಅದರ ಬದಲು ರಾತ್ರಿ ಒಂಬತ್ತಕ್ಕೆ ‘ಮನೆ ತಲುಪಿದೆ’ ಎಂಬ ಒಂದು ಸಂದೇಶ ಸಾಕೆಂದು ಇಬ್ಬರೂ ಒಪ್ಪಿಕೊಳ್ಳಿ.

ಎರಡು ಗಂಟೆಗೆ ಎಚ್ಚರವಾದರೆ ಹಾಸಿಗೆಯಲ್ಲಿ ಹೊರಳಾಡಬೇಡಿ. ಎದ್ದು, ಸಣ್ಣ ಬೆಳಕಿನಲ್ಲಿ ದೇವರ ದೀಪದ ಬತ್ತಿ ಹೊಸೆಯಿರಿ. ತೂಕಡಿಕೆ ಬಂದಾಗ ಮಲಗಿ. ಮೊಬೈಲ್ ಮಾತ್ರ ಮುಟ್ಟಬೇಡಿ, ಅದರಲ್ಲಿ ಅಡಿಕೆ ಧಾರಣೆ ಇರುತ್ತದೆ!

ಇದೆಲ್ಲ ಆರು ತಿಂಗಳಿಗೂ ಮೀರಿ ಹೆಚ್ಚುಕಡಿಮೆ ದಿನವೂ ಕಾಡುತ್ತಿದ್ದರೆ ವೈದ್ಯರನ್ನು ಕಾಣಿರಿ. ಮುಟ್ಟು ನಿಲ್ಲುವ ವಯಸ್ಸು, ಥೈರಾಯ್ಡ್ ಎರಡೂ ಎದೆಬಡಿತ ತರುತ್ತವೆ, ರಕ್ತಪರೀಕ್ಷೆ ಆಗಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಆ ಚೀಲ. ಮನಸ್ಸು ಸರಿಹೋದ ಮೇಲೆ ನೆಟ್ಟರಾಯಿತು ಎಂದುಕೊಂಡಿರಬೇಕು ನೀವು. ನಾನು ಕಂಡಂತೆ ಬಹಳ ಮಂದಿಗೆ ಕೈ ಮೊದಲು ಹೊರಡುತ್ತದೆ, ಮನಸ್ಸು ಹಿಂದಿನಿಂದ ಬರುತ್ತದೆ. ನಾಳೆ ಅಂಗಳ ತುಂಬಿಸುವುದು ಬೇಡ. ಮೊಳಕೆ ಕಣ್ಣು ಗಟ್ಟಿಯಾಗಿರುವ ಮೂರೇ ಗೆಡ್ಡೆ ಆರಿಸಿ, ನೀರು ನಿಲ್ಲದ ಏರಿನಲ್ಲಿ ನೆಟ್ಟು, ಗಿಡಕ್ಕೆ ಆಸರೆಯ ಕೋಲನ್ನು ಈಗಲೇ ಊರಿ. ಆಮೇಲೆ ಊರಿದರೆ ಗೆಡ್ಡೆಗೆ ಚುಚ್ಚುತ್ತದೆ ಎಂದು ನಾನು ನಿಮಗೆ ಹೇಳಬೇಕಿಲ್ಲ. ಹೂ ಬಿಟ್ಟಾಗ ಬಣ್ಣ ಯಾವುದೆಂದು ಬರೆದು ತಿಳಿಸಿ.