ಕ್ಯಾಮೆರಾ ಮಗುವಿನ ಕಡೆಗೇ ಇತ್ತು

ಜನವರಿಯ ಒಂದು ದಿನ ಸಕಲೇಶಪುರದ ಕಡೆಯಿಂದ ಬಸ್ಸು ಹಿಡಿದು ಹಾಸನಕ್ಕೆ ಬಂದ ಅಮ್ಮ ಒಬ್ಬರು ಆಪ್ತಸಲಹೆಗೆಂದು ನನ್ನ ಮುಂದೆ ಕೂತರು. ಕಾಫಿ ಕೊಯ್ಲಿನ ಸಮಯ. ಆಳುಗಳನ್ನು ತೋಟದಲ್ಲಿ ಬಿಟ್ಟು ಬಂದಿದ್ದಾರೆ ಅಂದರೆ ವಿಷಯ ಸಣ್ಣದಲ್ಲ ಅಂತ ಆಗಲೇ ಅನಿಸಿತು. (ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರ ಬದಲಿಸಿದ್ದೇನೆ. ಹೆಸರು ಬೇಡ, ಅಮ್ಮ, ಮಗಳು, ಅಳಿಯ ಅಂದರೆ ಸಾಕು.)

"ಜರ್ಮನಿಗೆ ಹೋದ್ಮೇಲೆ ನನ್ ಮಗ್ಳಿಗೆ ಸೊಕ್ಕು ಬಂದಿದೆ ಮೇಡಂ. ಫೋನ್ ಮಾಡಿದ್ರೆ ಕಟ್ ಮಾಡ್ತಾಳೆ. ಬಾಣಂತನ ಮಾಡಿ ಬಂದೋಳು ನಾನು. ಒಂದ್ ಮಾತಾಡಕ್ಕೂ ಆಗಲ್ವಾ?"

ಅವರು ಹೋಗಿದ್ದು ಸೆಪ್ಟೆಂಬರ್ ಕೊನೆಗೆ. ಅಕ್ಟೋಬರ್ ಮೊದಲ ವಾರ ಹೆರಿಗೆ. ಪ್ರವಾಸಿ ವೀಸಾದಲ್ಲಿ ಅಲ್ಲಿ 90 ದಿನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಹಾಗಾಗಿ ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ ವಾಪಸ್. ಹೋಗುವಾಗ ಬಾಣಂತಿ ಖಾರ, ಬಜೆ, ಹತ್ತಿಬಟ್ಟೆಯ ಕುಲಾವಿ, ಸಾಂಬ್ರಾಣಿ ಎಲ್ಲ ಕಟ್ಟಿಕೊಂಡು ಹೋಗಿದ್ದರು. ಮೊದಲ ಸಲ ಸಾಂಬ್ರಾಣಿ ಹೊಗೆ ಹಾಕಿದ್ದೇ ತಡ, ಸೂರಿನಲ್ಲಿದ್ದ ಹೊಗೆ ಅಲಾರಂ ಕಿರುಚಿಕೊಂಡಿತಂತೆ. ಅಳಿಯ ಕುರ್ಚಿ ಹತ್ತಿ ಅದನ್ನು ಬಾಯಿ ಮುಚ್ಚಿಸಿದರಂತೆ. ಮಗು ಬೆಚ್ಚಿ ಅಳು. ಅಮ್ಮ ಇದನ್ನು ನಗುತ್ತಲೇ ಹೇಳಿದರು. ಆಮೇಲೆ ನಗು ನಿಂತಿತು. "ಅಲ್ಲಿ ಸೂಲಗಿತ್ತಿ ಮನೆಗೇ ಬರ್ತಾಳೆ. ದಿನಾ ನೀರು ಹಾಕ್ಬೇಡಿ, ವಾರಕ್ಕೆ ಒಂದೆರಡು ಸಲ ಸಾಕು ಅಂತಾಳೆ. ನಾನು ಹೇಳಿದ್ದು ಯಾವುದೂ ಅವ್ಳಿಗೆ ಸರಿಯಿಲ್ಲ." ಮಗಳು ಸೂಲಗಿತ್ತಿಯ ಮಾತು ಕೇಳಿದಳು. ಅಮ್ಮನಿಗೆ ಅದು ಚುಚ್ಚಿತ್ತು.

ನಾನು ಒಂದೇ ಪ್ರಶ್ನೆ ಕೇಳಿದೆ. "ಅಮ್ಮ, ನಿಮ್ಮ ಬಾಣಂತನಕ್ಕೆ ಎಷ್ಟು ಜನ ಇದ್ರು?"

ಬೆರಳು ಮಡಚತೊಡಗಿದರು. ಅವ್ವ, ದೊಡ್ಡಮ್ಮ, ಅತ್ತಿಗೆ, ನೀರು ಕಾಯಿಸಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದ ಹೆಂಗಸು, ಅಜ್ಜಿ. ಐದು. "ಈಗ ಮಗಳ ಹತ್ರ?" ಕೈ ಹಾಗೇ ನಿಂತಿತು. ಒಂದು ಬೆರಳು ಮಡಚಿ, ಬಿಚ್ಚಿ, "ಅಳಿಯಂದ್ರು ಬೆಳಗ್ಗೆ ಏಳಕ್ಕೆ ಹೋದ್ರೆ ಸಂಜೆ ಆರಕ್ಕೆ" ಅಂದರು.

ಇನ್ನೊಂದು ಲೆಕ್ಕ ನನ್ನ ತಲೆಯಲ್ಲಿ ಓಡುತ್ತಿತ್ತು. ಅಲ್ಲಿನ ಆರೋಗ್ಯ ವಿಮೆ ಸೂಲಗಿತ್ತಿಯ ಮನೆಭೇಟಿಗೆ ಸಾಮಾನ್ಯವಾಗಿ 12 ವಾರದವರೆಗೆ ದುಡ್ಡು ಕೊಡುತ್ತದೆ. ಅಂದರೆ ಅಮ್ಮ ವಿಮಾನ ಹತ್ತಿದ ಮುಂದಿನ ವಾರವೇ ಅವಳೂ ಬರುವುದು ನಿಂತಿದೆ. ಡಿಸೆಂಬರ್‌ನಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಕತ್ತಲೆ. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ.

ಎರಡು ದಿನ ಬಿಟ್ಟು ಮಗಳ ಜೊತೆ ವೀಡಿಯೊ ಕರೆ. ಇಲ್ಲಿ ಮಧ್ಯಾಹ್ನ ಎರಡು, ಅಲ್ಲಿ ಬೆಳಗ್ಗೆ ಒಂಬತ್ತೂವರೆ. ಕರೆ ತೆರೆದ ಕೂಡಲೇ ನನಗೆ ಕಂಡಿದ್ದು ಮಗು. "ನೋಡಿ ಮೇಡಂ, ಈಗ ಮಲಗಿದಾನೆ." ಅಭ್ಯಾಸ ಆಗಿಹೋಗಿದೆ, ಯಾರು ಫೋನ್ ಮಾಡಿದರೂ ಮೊದಲು ಮಗು ತೋರಿಸಬೇಕು. "ನಾನು ನಿಮ್ಮನ್ನ ನೋಡೋಕೆ ಮಾಡಿದ್ದು" ಅಂದೆ. ಫೋನ್ ತಿರುಗಿತು. ಭುಜದ ಮೇಲೆ ಹಾಲು ಒಣಗಿದ ಕಲೆ. ಬಾಚದ ಕೂದಲು. ಐದು ನಿಮಿಷ ಅವರು ಅತ್ತರು, ನಾನು ಸುಮ್ನೆ ಇದ್ದೆ.

ಅಮ್ಮ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದರು, ಅತ್ತೆ ಎರಡು ಸಲ. ಎಲ್ಲರದ್ದೂ ಅದೇ ಪ್ರಶ್ನೆ. ಹಾಲು ಸಾಕಾಗ್ತಿದ್ಯಾ, ತೂಕ ಎಷ್ಟು, ಯಾಕೆ ಅಳ್ತಿದೆ. "ಪರೀಕ್ಷೆಗೆ ಕೂತ ಹಾಗೆ ಆಗುತ್ತೆ. ಅದಕ್ಕೇ ಕಟ್ ಮಾಡ್ತೀನಿ" ಅಂದರು. ಮಗು ಮಲಗಿದಾಗಲೂ ಇವರಿಗೆ ನಿದ್ದೆ ಬರುತ್ತಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಇದು ಶುರುವಾಗಿ ತಿಂಗಳ ಹತ್ತಿರ.

ಹೆರಿಗೆಯಾದ ಮೂರ್ನಾಲ್ಕನೇ ದಿನ ಸುಮ್ಮಸುಮ್ಮನೆ ಅಳು ಬರುವುದು ಎಷ್ಟೋ ಬಾಣಂತಿಯರಿಗೆ ಇದೆ. ಎರಡು ವಾರದಲ್ಲಿ ಹೋಗುತ್ತದೆ. ಎರಡು ವಾರ ದಾಟಿಯೂ ಉಳಿದರೆ, ಅಥವಾ ಹೀಗೆ ತಡವಾಗಿ ಶುರುವಾಗಿ ವಾರಗಟ್ಟಲೆ ಎಳೆದರೆ, ಅದು ಬಾಣಂತಿ ಖಿನ್ನತೆ ಅನ್ನೋ ಕಾಯಿಲೆ ಇರಬಹುದು. ಸೊಕ್ಕಂತೂ ಅಲ್ಲ. ಅದನ್ನು ಪತ್ತೆ ಹಚ್ಚೋಕೆ ಎಡಿನ್‌ಬರೋ ಪ್ರಶ್ನಾವಳಿ ಅಂತ ಒಂದಿದೆ. 1987ರಿಂದ ಬಳಕೆಯಲ್ಲಿದೆ, 10 ಪ್ರಶ್ನೆ, ಕಳೆದ 7 ದಿನದ ಬಗ್ಗೆ. ಅಂಕ ಹೆಚ್ಚಾದಷ್ಟೂ ಖಿನ್ನತೆಯ ಅನುಮಾನ ಹೆಚ್ಚು. 30ಕ್ಕೆ ಇವರಿಗೆ 17 ಬಂತು. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಗ್ಗೆ. ಅದನ್ನು ಬಾಯಿಬಿಟ್ಟೇ ಕೇಳಿದೆ. "ಸಾಯ್ಬೇಕು ಅಂತಲ್ಲ ಮೇಡಂ. ಬಾಗಿಲು ತೆಗೆದು ಎಲ್ಲಾದ್ರೂ ನಡ್ಕೊಂಡು ಹೋಗ್ಬಿಡೋಣ ಅನ್ಸುತ್ತೆ." ಅಂಥ ಯೋಚನೆ ಹತ್ತಿರ ಬಂದರೆ ತಡ ಮಾಡದೆ ಅಲ್ಲಿನ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಬೇಕು ಅಂತ ಗಂಡ ಹೆಂಡತಿ ಇಬ್ಬರಿಗೂ ಹೇಳಿದೆ.

ನನ್ನ ತಪ್ಪೊಂದನ್ನೂ ಬರೆಯಬೇಕು. "ಮೂರು ತಿಂಗಳು ತವರಿಗೆ ಬಂದುಬಿಡಿ" ಅಂದುಬಿಟ್ಟೆ. ಮಗುವಿಗೆ ಇನ್ನೂ ಪಾಸ್‌ಪೋರ್ಟೇ ಇರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಭಾರತೀಯರು, ಅಲ್ಲಿಗೆ ಹೋಗಿ ಎರಡೇ ವರ್ಷ. ಹುಟ್ಟಿದ ಮಾತ್ರಕ್ಕೆ ಮಗು ಜರ್ಮನ್ ಪ್ರಜೆ ಆಗುವುದಿಲ್ಲ. ನಮ್ಮ ದೂತಾವಾಸದಲ್ಲಿ ಒಂದು ವರ್ಷದೊಳಗೆ ಜನನ ನೋಂದಾಯಿಸಿ, ಪಾಸ್‌ಪೋರ್ಟ್ ಮಾಡಿಸಿ, ಆಮೇಲೆ ಪ್ರಯಾಣ. ಅದಕ್ಕಿಂತ ಹೆಚ್ಚಾಗಿ, ನನ್ನ ಮಾತು ಅವರಿಗೆ "ನಿನ್ ಕೈಲಿ ಆಗಲ್ಲ" ಅಂತ ಕೇಳಿಸಿತ್ತು. ಮುಂದಿನ ಕರೆಯಲ್ಲಿ ಕ್ಷಮೆ ಕೇಳಿದೆ.

ಮಗಳಿಗೆ ಹೇಳಿದ್ದು ಮುಖ್ಯವಾಗಿ ಒಂದೇ. ಈ ವಾರವೇ ಅಲ್ಲಿನ ವೈದ್ಯರನ್ನು ಕಾಣಬೇಕು, ನಾನು ಅದಕ್ಕೆ ಬದಲಿ ಅಲ್ಲ. ಮೂರು-ನಾಲ್ಕನೇ ತಿಂಗಳಲ್ಲಿ ಮಗುವಿಗೆ 'ಯು4' ಅನ್ನೋ ತಪಾಸಣೆ ಹೇಗೂ ಇತ್ತು. ಅಲ್ಲಿ ಮಗುವಿನ ಡಾಕ್ಟರ ಮುಂದೆಯೂ ಬಾಯಿ ಬಿಡಿ ಅಂದೆ.

ಅಳಿಯ ಒಳ್ಳೆಯವರು, ಆದರೆ ಹೆದರಿದ್ದರು. ರಜೆ ಕೇಳಿದರೆ ಕೆಲಸ ಹೋಗುತ್ತೆ, ಕೆಲಸದ ಜೊತೆ ವೀಸಾ. ಅಲ್ಲಿ ಅಪ್ಪನಿಗೂ ಪೋಷಕ ರಜೆಯ ಹಕ್ಕಿದೆ, 7 ವಾರ ಮೊದಲು ಬರೆದುಕೊಡಬೇಕು ಅಷ್ಟೇ. "ಇವತ್ತೇ ಬರೀರಿ" ಅಂದೆ. ಅಲ್ಲಿಯತನಕ ರಾತ್ರಿ ಒಂಬತ್ತರಿಂದ ಒಂದರವರೆಗೆ ಮಗು ಅವರ ಪಾಲು, ಹಾಲು ಹಿಂಡಿ ಇಟ್ಟಿದ್ದರೆ ಸಾಕು. ಹೆಂಡತಿ ಇನ್ನೊಂದು ಕೋಣೆಯಲ್ಲಿ ಮಲಗಬೇಕು. ನಾಲ್ಕು ಗಂಟೆ ಒಂದೇ ಸಮನೆ.

ಅಮ್ಮನಿಗೆ ಹೇಳಿದ್ದು ಕಷ್ಟದ್ದು. ದಿನಕ್ಕೆ ಒಂದೇ ಕರೆ. ಹಾಲು, ತೂಕ, ಅಳು ಬೇಡ. "ಹಂಗಾದ್ರೆ ಏನ್ ಮಾತಾಡ್ಲಿ?" ಅಂದರು. ಮಾತಾಡಬೇಡಿ, ಕಣದಲ್ಲಿ ಕಾಫಿ ಕೆದಕುವಾಗ ಫೋನ್ ಪಕ್ಕದಲ್ಲಿ ಇಟ್ಟುಕೊಳ್ಳಿ ಅಂದೆ. ಅಮ್ಮನ ಕೆಲಸದ ಸದ್ದು ಕೇಳುತ್ತಿದ್ದರೆ ಸಾಕು.

ಮಾರ್ಚ್‌ನಲ್ಲಿ ಮತ್ತೆ ಬಂದಿದ್ದರು. ಮಗಳು ಔಷಧಿ ತಗೋತಿದ್ದಾಳೆ, ಹಾಲೂಡಿಸುವವರಿಗೆ ಒಗ್ಗುವಂಥದ್ದನ್ನೇ ಅಲ್ಲಿನ ಡಾಕ್ಟರು ಕೊಟ್ಟಿದ್ದಾರೆ. ಅಳಿಯನ ರಜೆ ಶುರುವಾಗಿದೆ. ಮೊನ್ನೆ ಮಗಳೇ ಫೋನ್ ಮಾಡಿ "ಮೆಣಸಿನ ಸಾರಿಗೆ ಎಷ್ಟು ಮೆಣಸು ಹಾಕ್ಲಿ?" ಅಂತ ಕೇಳಿದಳಂತೆ. ಬೀಗಿತ್ತಿ ಮಾತ್ರ ಇನ್ನೂ ತೂಕ ಕೇಳುತ್ತಾರೆ. ಅವರ ಹತ್ತಿರ ಮಾತಾಡಿ ಅಂತ ಅಳಿಯನಿಗೆ ಎರಡು ಸಲ ಹೇಳಿದ್ದೇನೆ. ಅವರಿನ್ನೂ ಮಾತಾಡಿಲ್ಲ.