ಓದುಗರ ಪ್ರಶ್ನೆ: ಕೋಡ್ ಸರಿಯಿದ್ದರೂ ಬಣ್ಣ ಹೊಂದದಿರುವುದೇಕೆ?

ಪ್ರಶ್ನೆ: ನನ್ನ ಕಾರಿನದು ಮೆಟಾಲಿಕ್ ಬೆಳ್ಳಿ ಬಣ್ಣ, ಕೊಂಡು ಏಳು ವರ್ಷಗಳಾಗಿವೆ. ಮುಂದಿನ ವಾಹನಗಳಿಂದ ಸಿಡಿದ ಕಲ್ಲು ತಗುಲಿ ಬಾನೆಟ್ಟಿನ ಮೇಲೆ ಅಲ್ಲಲ್ಲಿ ಬಣ್ಣ ಎದ್ದುಹೋಗಿದೆ. ಕಾರಿನಲ್ಲಿ ನಮೂದಾಗಿರುವ ಬಣ್ಣದ ಕೋಡ್ ನೋಡಿಯೇ ಟಚ್‌-ಅಪ್ ಪೇಂಟ್ ತರಿಸಿ ಹಚ್ಚಿದೆ. ಆದರೂ ಆ ಜಾಗಗಳೆಲ್ಲ ಮಂಕಾದ ಕಪ್ಪು ಚುಕ್ಕೆಗಳಂತೆ ಕಾಣುತ್ತಿವೆ. ಕೋಡ್ ತಪ್ಪಾಗಿರಬಹುದೇ?

ಉತ್ತರ: ತಪ್ಪಾಗಿರುವ ಸಾಧ್ಯತೆ ಕಡಿಮೆ, ಆದರೂ ಮೊದಲು ಅದನ್ನೇ ಖಚಿತಪಡಿಸಿಕೊಳ್ಳಿ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲೋ ಬಾನೆಟ್ಟಿನ ಕೆಳಗೋ ಡಿಕ್ಕಿಯೊಳಗೋ ಇರುವ ಫಲಕದಲ್ಲಿ ಬಣ್ಣದ ಕೋಡ್ ಇರುತ್ತದೆ. ಕೆಲವು ಕಾರುಗಳಲ್ಲಿ ಅದೇ ಫಲಕದಲ್ಲಿ ಒಳಾಂಗಣದ ಹೊದಿಕೆಯ ಕೋಡ್ ಕೂಡ ಇರುವುದರಿಂದ ಎರಡೂ ಅದಲುಬದಲಾಗುವುದುಂಟು. ಬಣ್ಣದ ಹೆಸರನ್ನಂತೂ ನೆಚ್ಚಬೇಡಿ. ಹೆಚ್ಚುಕಡಿಮೆ ಒಂದೇ ಹೆಸರಿನ ಬೆಳ್ಳಿ ಛಾಯೆಗಳು ಹಲವಿರುತ್ತವೆ.

ಕೋಡ್ ಸರಿಯಿದ್ದರೂ ಅದು ತಿಳಿಸುವುದು ಕಾರ್ಖಾನೆಯಲ್ಲಿ ಬಳಿದ ಬಣ್ಣದ ಮಿಶ್ರಣವನ್ನು ಮಾತ್ರ. ಏಳು ವರ್ಷ ಬಿಸಿಲುಂಡ ಮೇಲೆ ಆ ಬಣ್ಣ ಇಂದು ಹೇಗಿದೆ ಎಂಬುದನ್ನಲ್ಲ. ಒಂದೇ ಕೋಡಿನ ಬಣ್ಣ ತಯಾರಿಕೆಯ ಒಂದು ಕಂತಿನಿಂದ ಇನ್ನೊಂದು ಕಂತಿಗೂ ತುಸು ಬದಲಾಗುತ್ತದೆ. ಆದರೆ ನಿಮ್ಮ ವಿಷಯದಲ್ಲಿ ಇದಕ್ಕಿಂತ ದೊಡ್ಡ ಕಾರಣ ಮೆಟಾಲಿಕ್ ಬಣ್ಣದ ಸ್ವಭಾವವೇ ಇರಬೇಕು. ಅದರಲ್ಲಿ ಅಲ್ಯೂಮಿನಿಯಂನ ಸೂಕ್ಷ್ಮ ಚಕ್ಕೆಗಳಿರುತ್ತವೆ. ಕಾರ್ಖಾನೆಯಲ್ಲಿ ತೆಳುವಾಗಿ ಸಿಂಪಡಿಸಿದಾಗ ಅವು ಮೀನಿನ ಹುರುಪೆಗಳಂತೆ ಮೇಲ್ಮೈಗೆ ಸಮನಾಗಿ ಮಲಗಿ, ನೇರವಾಗಿ ನೋಡುವವರತ್ತ ಬೆಳಕನ್ನು ಹಿಂದಿರುಗಿಸುತ್ತವೆ. ಕುಂಚದಿಂದ ದಪ್ಪವಾಗಿ ಹಚ್ಚಿದರೆ ಒಣಗುವುದು ತಡವಾಗಿ ಚಕ್ಕೆಗಳು ಅಡ್ಡಾದಿಡ್ಡಿಯಾಗಿ ನಿಲ್ಲುತ್ತವೆ, ಕೆಲವು ತಳ ಸೇರುತ್ತವೆ. ಹೀಗಾಗಿ ಅದೇ ಬಣ್ಣ ಗಾಢವಾಗಿ ಕಾಣುತ್ತದೆ. ಜೊತೆಗೆ ಬೇಸ್ ಕೋಟ್, ಅಂದರೆ ಬಣ್ಣವಿರುವ ಪದರ, ತಾನಾಗಿ ಹೊಳೆಯುವುದಿಲ್ಲ. ಅದರ ಮೇಲೆ ಕ್ಲಿಯರ್ ಕೋಟ್ (ಹೊಳಪು ಕೊಡುವ ಪಾರದರ್ಶಕ ಪದರ) ಹಚ್ಚಿರದಿದ್ದರೆ ನೀವು ಹೇಳುವ ಮಂಕುತನ ಬಂದೇ ಬರುತ್ತದೆ.

ಆದ್ದರಿಂದ ಮತ್ತೆ ಹಚ್ಚುವ ಮುನ್ನ ಶೀಶೆಯನ್ನು ಕೆಲವು ನಿಮಿಷ ಚೆನ್ನಾಗಿ ಕುಲುಕಿ, ರಟ್ಟಿನ ಚೂರೊಂದರ ಮೇಲೆ ತೆಳುವಾಗಿ ಬಳಿದು, ಒಣಗಿದ ಬಳಿಕ ಅದರ ಅರ್ಧಕ್ಕೆ ಕ್ಲಿಯರ್ ಕೋಟ್ ಹಚ್ಚಿ, ಪೂರ್ತಿ ಒಣಗಿದ ನಂತರವೇ ಬಾನೆಟ್ಟಿನ ಪಕ್ಕದಲ್ಲಿಟ್ಟು ಹೋಲಿಸಿ. ಹಸಿ ಬಣ್ಣವನ್ನು ಹೋಲಿಸಿ ಪ್ರಯೋಜನವಿಲ್ಲ. ಈ ಪರೀಕ್ಷೆ ಹಗಲ ಬೆಳಕಿನಲ್ಲೇ, ಎರಡು ಮೂರು ಕೋನಗಳಿಂದ ನಡೆಯಬೇಕು. ವಿದ್ಯುದ್ದೀಪದ ಕೆಳಗೆ ಒಂದೇ ಎನ್ನಿಸಿದ ಎರಡು ಬಣ್ಣಗಳು ಬಯಲಿಗೆ ಬಂದೊಡನೆ ಬೇರೆಯಾಗಬಲ್ಲವು. ಆಗಲೂ ಹೊಂದದಿದ್ದರೆ, ಕಾರಿನ ಮೇಲಿನ ಬಣ್ಣವನ್ನೇ ಉಪಕರಣದಿಂದ ಅಳೆದು ಮಿಶ್ರಣ ಮಾಡಿಕೊಡುವ ಪೇಂಟ್ ಅಂಗಡಿಗೆ ಹೋಗುವುದು ಒಳಿತು.

ಈಗಾಗಲೇ ಹಚ್ಚಿರುವುದನ್ನು ತೆಗೆಯಲು ಹತ್ತಿಕಡ್ಡಿಗೆ ತುಸುವೇ ಥಿನ್ನರ್ ತಾಗಿಸಿ ಆ ಚುಕ್ಕೆಯನ್ನಷ್ಟೇ ಒರೆಸಬಹುದು. ಆ ಭಾಗಕ್ಕೆ ಹಿಂದೊಮ್ಮೆ ಮರುಬಣ್ಣ ಬಳಿದಿದ್ದರೆ ಅದು ಥಿನ್ನರ್‌ಗೆ ಕರಗಬಹುದಾದ್ದರಿಂದ ಕಣ್ಣಿಗೆ ಬೀಳದ ಜಾಗದಲ್ಲಿ ಮೊದಲು ಪರೀಕ್ಷಿಸಿ. ಇಷ್ಟೆಲ್ಲ ಮಾಡಿದರೂ ಕುಂಚದ ಕೆಲಸದಿಂದ ಬೆಳ್ಳಿ ಬಣ್ಣದಲ್ಲಿ ಗುರುತೇ ಉಳಿಯದಂತೆ ಮಾಡುವುದು ಕಷ್ಟ. ಎರಡು ಮಾರು ದೂರದಿಂದ ಕಾಣದಿದ್ದರೆ ಕೆಲಸ ಚೆನ್ನಾಗಿಯೇ ಆಗಿದೆ ಎಂದು ನಾನು ಭಾವಿಸುತ್ತೇನೆ.

ಪ್ರಶ್ನೆ: ಕಾರಿನ ಬಾಗಿಲ ಮೇಲೆ ಉದ್ದನೆಯ ಗೀರುಗಳಿವೆ. ಎಲ್ಲಕ್ಕೂ ಬಣ್ಣ ಹಚ್ಚಬೇಕೇ? ಹಚ್ಚುವ ಸರಿಯಾದ ಕ್ರಮ ಯಾವುದು?

ಉತ್ತರ: ಗೀರಿಗೆ ಅಡ್ಡಲಾಗಿ ಉಗುರನ್ನು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ, ಅಥವಾ ನೀರು ಹಚ್ಚಿದೊಡನೆ ಗೀರು ಮಾಯವಾದರೆ, ಅದು ಬಹುತೇಕ ಕ್ಲಿಯರ್ ಕೋಟ್‌ನಲ್ಲೇ ಇದೆ. ಬಣ್ಣ ಬೇಡ, ಪಾಲಿಶ್ ಸಾಕು. ಆದರೆ ಕಾರ್ಖಾನೆಯ ಪದರಗಳೆಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಒಂದು ಮೈಕ್ರಾನ್) ದಪ್ಪ, ಅದರಲ್ಲಿ ಕ್ಲಿಯರ್ ಕೋಟ್ ಸುಮಾರು 40ರಿಂದ 50 ಮೈಕ್ರಾನ್ ಮಾತ್ರ ಇರುವುದರಿಂದ ಪದೇ ಪದೇ ಉಜ್ಜುವಂತಿಲ್ಲ.

ಉಗುರು ಸಿಕ್ಕುವ ಗೀರಿಗೆ ಬಣ್ಣ ಬೇಕು. ತೊಳೆದು ಒಣಗಿಸಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಹಳೆಯ ವ್ಯಾಕ್ಸ್ ಮತ್ತು ಜಿಡ್ಡನ್ನು ತೆಗೆಯಿರಿ. ಸಿಲಿಕೋನ್ ಅಂಶ ಉಳಿದರೆ ಬಣ್ಣ ಅಲ್ಲಲ್ಲಿ ಗುಳಿಬಿದ್ದು ಸರಿಯುತ್ತದೆ. ಲೋಹ ಕಾಣುತ್ತಿದ್ದರಷ್ಟೇ ಪ್ರೈಮರ್, ಅಂದರೆ ಬಣ್ಣ ಹಿಡಿದುಕೊಳ್ಳಲು ಮೊದಲು ಬಳಿಯುವ ತಳಪದರ, ಬೇಕಾಗುತ್ತದೆ. ಬಳಿಕ ಶೀಶೆಯ ಮುಚ್ಚಳದ ಕುಂಚವನ್ನು ಬದಿಗಿಟ್ಟು, ತೀರ ಸಣ್ಣ ಕುಂಚದಿಂದಲೋ ಹಲ್ಲುಕಡ್ಡಿಯ ತುದಿಯಿಂದಲೋ ಗೀರಿನೊಳಗೆ ಮಾತ್ರ ಬಣ್ಣವನ್ನು ಇಳಿಸಿ. ಒಂದು ದಪ್ಪ ಪದರಕ್ಕಿಂತ ಮೂರು ತೆಳು ಪದರಗಳು ಮೇಲು. ಪ್ರತಿ ಪದರವೂ ಒಣಗಿದ ಮೇಲೆ ಕುಗ್ಗುತ್ತದೆ. ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಕೆಳಗೆ ಬಣ್ಣವನ್ನು ನಿಲ್ಲಿಸಿ, ಉಳಿದುದನ್ನು ಕ್ಲಿಯರ್ ಕೋಟ್‌ನಿಂದ ತುಂಬಿಸಿ. ಸುಡುವ ಬಿಸಿಲಿನಲ್ಲಾಗಲಿ ತೇವದ ಹವೆಯಲ್ಲಾಗಲಿ ಈ ಕೆಲಸ ಬೇಡ. ಬಿಸಿಯಾದ ತಗಡಿನ ಮೇಲೆ ಬಣ್ಣ ಹರಡಿಕೊಳ್ಳುವ ಮೊದಲೇ ಒಣಗುತ್ತದೆ. ತೇವವಿದ್ದರೆ ಕ್ಲಿಯರ್ ಕೋಟ್ ಬೆಳ್ಳಗಾಗುವುದುಂಟು.

ಉಬ್ಬು ಉಳಿದರೆ ಕೆಲವು ದಿನ ಗಟ್ಟಿಯಾಗಲು ಬಿಟ್ಟು, 2000 ಅಥವಾ 3000 ಗ್ರಿಟ್‌ನ ವಾಟರ್ ಪೇಪರನ್ನು (ತೀರ ನಯವಾದ ಉಜ್ಜುಕಾಗದ) ನೀರಿನಲ್ಲಿ ನೆನೆಸಿ ಉಬ್ಬನ್ನಷ್ಟೇ ಹಗುರಾಗಿ ಸವರಿ, ರಬ್ಬಿಂಗ್ ಕಾಂಪೌಂಡ್‌ನಿಂದ ಹೊಳಪು ತನ್ನಿ. ಕೈ ಪಳಗದವರು ಈ ಹಂತವನ್ನು ಬಿಟ್ಟರೂ ನಷ್ಟವಿಲ್ಲ, ಏಕೆಂದರೆ ಚೂರು ಉಬ್ಬಿಗಿಂತ ಸುತ್ತಲಿನ ಕ್ಲಿಯರ್ ಕೋಟ್ ಸವೆದುಹೋಗುವುದು ದೊಡ್ಡ ಹಾನಿ. ವ್ಯಾಕ್ಸ್ ಹಚ್ಚಲು ಒಂದು ತಿಂಗಳು ತಾಳಿ.

ಪ್ರಶ್ನೆ: ಬಣ್ಣ ಹೋದ ಜಾಗದಲ್ಲಿ ತುಕ್ಕು ಹಿಡಿದಿದೆ. ಮೇಲೆಯೇ ಬಣ್ಣ ಹಚ್ಚಬಹುದೇ?

ಉತ್ತರ: ಬೇಡ. ತುಕ್ಕು ಬಣ್ಣದ ಅಡಿಯಲ್ಲೇ ಹರಡಿ ಅದನ್ನು ಎಬ್ಬಿಸುತ್ತದೆ. ಲೋಹ ಹೊಳೆಯುವವರೆಗೆ ಉಜ್ಜಿ, ಅಂದೇ ಪ್ರೈಮರ್ ಹಚ್ಚಿ. ಸುತ್ತಲಿನ ಬಣ್ಣ ಆಗಲೇ ಗುಳ್ಳೆಯೆದ್ದಿದ್ದರೆ ಅದು ಶೀಶೆಯ ಕೆಲಸವಲ್ಲ, ಪೇಂಟರ್‌ಗೆ ತೋರಿಸಿ.

ಪ್ರಶ್ನೆ: ಬಂಪರ್‌ಗೂ ಇದೇ ಕ್ರಮವೇ?

ಉತ್ತರ: ಬಂಪರ್ ಪ್ಲಾಸ್ಟಿಕ್ಕಿನದಾದರೆ ತುಕ್ಕಿನ ಭಯವಿಲ್ಲ, ಅವಸರವೂ ಇಲ್ಲ. ಬರಿಯ ಪ್ಲಾಸ್ಟಿಕ್ ಕಾಣುತ್ತಿದ್ದರೆ ಪ್ಲಾಸ್ಟಿಕ್‌ಗೆಂದೇ ಇರುವ ಪ್ರೈಮರ್ ಬಳಸಿ, ಉಳಿದದ್ದು ಹಾಗೆಯೇ. ಬಾಗಿಲಿಗೂ ಬಂಪರಿಗೂ ಹೊಸ ಕಾರಿನಲ್ಲೇ ಛಾಯೆಯ ತುಸು ವ್ಯತ್ಯಾಸ ಇರುವುದುಂಟಾದ್ದರಿಂದ, ಮೊದಲ ಉತ್ತರದಲ್ಲಿ ಹೇಳಿದಂತೆ ಬಣ್ಣ ಬಳಿದ ರಟ್ಟಿನ ಚೂರನ್ನು ಬಂಪರಿನ ಪಕ್ಕದಲ್ಲೇ ಹಿಡಿದು ಹೋಲಿಸಿ.