ಓದುಗರ ಪ್ರಶ್ನೆ: ಪಿಂಚಣಿ ಬದಲಿಸಲಿ, ಆದರೆ ಮೊದಲೇ ಹೇಳಲಿ

ಈ ಸಲ ಬಂದ ಪತ್ರಗಳಲ್ಲಿ ಪಿಂಚಣಿ, ಮಾಸಾಶನ, ಸಹಾಯಧನದ ಪ್ರಶ್ನೆಗಳೇ ಜಾಸ್ತಿ. ಐದನ್ನು ಆರಿಸಿಕೊಂಡಿದ್ದೇನೆ. ಉಳಿದವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಜನ ಮೊದಲಿಗಿಂತ ಹೆಚ್ಚು ವರ್ಷ ಬದುಕುತ್ತಿದ್ದಾರೆ. ಹಾಗಿದ್ದ ಮೇಲೆ ಪಿಂಚಣಿ ವಯಸ್ಸು ಏರಿಸಿದರೆ ತಪ್ಪೇನು? ಎಲ್ಲ ಕಡೆ ಯಾಕಿಷ್ಟು ಗಲಾಟೆ?

ಉತ್ತರ: ಏರಿಸುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಲೆಕ್ಕ ಕೂಡಬೇಕಲ್ವಾ. ಜರ್ಮನಿಯಲ್ಲಿ 1889ರಲ್ಲಿ ವೃದ್ಧಾಪ್ಯ ಪಿಂಚಣಿ ಕಾನೂನು ಬಂದಾಗ ವಯಸ್ಸು 70 ಇತ್ತು. (65 ಅಂತ ಬಹಳ ಜನ ಹೇಳುತ್ತಾರೆ, ಅದು ಆಗಿದ್ದು 1916ರಲ್ಲಿ.) 1889ರ ಹೊತ್ತಿಗೆ 70 ಮುಟ್ಟುತ್ತಿದ್ದವರೇ ಕಡಿಮೆ.

ಜನ ಸಿಟ್ಟಾಗುವುದು ಏರಿಸಿದ ರೀತಿಗೆ. ಅಮೆರಿಕ 1983ರಲ್ಲಿ ಪೂರ್ತಿ ಪಿಂಚಣಿಯ ವಯಸ್ಸನ್ನು 65ರಿಂದ 67ಕ್ಕೆ ಏರಿಸುವ ಕಾನೂನು ಮಾಡಿತು. ಆದರೆ ಅದರ ಬಿಸಿ ಮೊದಲು ತಟ್ಟಿದ್ದು 1938ರಲ್ಲಿ ಹುಟ್ಟಿದವರಿಗೆ, ಅದೂ ಬರೀ ಎರಡು ತಿಂಗಳು. ಕಾನೂನು ಆದಾಗ ಅವರಿಗೆ ಸುಮಾರು 45. ಪೂರ್ತಿ ಎರಡು ವರ್ಷ ಕಾಯಬೇಕಾದವರು 1960ರಲ್ಲಿ ಮತ್ತು ಆಮೇಲೆ ಹುಟ್ಟಿದವರು, ಅಂದರೆ ಆಗಷ್ಟೇ ಕೆಲಸಕ್ಕೆ ಸೇರುತ್ತಿದ್ದ ಹುಡುಗ ಹುಡುಗಿಯರು. ಯೋಚಿಸಿ ಉಳಿಸಿಕೊಳ್ಳಲು ಅವರ ಮುಂದೆ ಇಡೀ ದುಡಿಮೆಯ ಬದುಕಿತ್ತು.

ಬ್ರಿಟನ್ ನೋಡಿ. ಹೆಂಗಸರ ಪಿಂಚಣಿ ವಯಸ್ಸನ್ನು 60ರಿಂದ 65ಕ್ಕೆ ತರುವ ಕಾನೂನು 1995ರಲ್ಲೇ ಆಗಿತ್ತು, 2011ರಲ್ಲಿ ಅದರ ವೇಗವನ್ನು ಇನ್ನೂ ಹೆಚ್ಚಿಸಿದರು, ಆದರೆ ನಿಮ್ಮ ವಯಸ್ಸು ಬದಲಾಗಿದೆ ಅಂತ ಒಬ್ಬೊಬ್ಬರ ಮನೆಗೂ ಕಾಗದ ಹೋಗಿದ್ದು ಮಾತ್ರ ತೀರಾ ತಡವಾಗಿ. 60ಕ್ಕೆ ಪಿಂಚಣಿ ಬರುತ್ತೆ ಅಂತ ನಂಬಿ ಕೆಲಸ ಬಿಟ್ಟವರು ನಡುವೆ ಸಿಕ್ಕಿಬಿದ್ದರು. 2024ರ ಮಾರ್ಚ್‌ನಲ್ಲಿ ಅಲ್ಲಿನ ಒಂಬುಡ್ಸ್‌ಮನ್ (ಸರ್ಕಾರದ ಮೇಲಿನ ಜನರ ದೂರು ವಿಚಾರಿಸುವ ಅಧಿಕಾರಿ) ಇವರಿಗೆ ಪರಿಹಾರ ಕೊಡಬೇಕು ಅಂತ ವರದಿ ಕೊಟ್ಟರು. ಡಿಸೆಂಬರ್‌ನಲ್ಲಿ ಸರ್ಕಾರ ಕಾಗದ ತಡವಾಗಿದ್ದಕ್ಕೆ ಕ್ಷಮೆ ಕೇಳಿತು, ದುಡ್ಡು ಕೊಡಲ್ಲ ಅಂದಿತು.

ಇನ್ನೊಂದು ವಿಷಯ, ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ವಯಸ್ಸು 65ರಿಂದ 67ಕ್ಕೆ ಹೋಯಿತು ಅಂದುಕೊಳ್ಳಿ. 87ರವರೆಗೆ ಬದುಕುವವರಿಗೆ 22 ವರ್ಷದ ಪಿಂಚಣಿ 20 ಆಗುತ್ತದೆ. 72ಕ್ಕೆ ತೀರಿಕೊಳ್ಳುವವರಿಗೆ 7 ವರ್ಷದ್ದು 5 ಆಗುತ್ತದೆ. ಮೊದಲನೆಯವರಿಗೆ ಹೋಗಿದ್ದು ಹತ್ತರಲ್ಲಿ ಒಂದು ಪಾಲೂ ಅಲ್ಲ, ಎರಡನೆಯವರಿಗೆ ಕಾಲು ಭಾಗಕ್ಕಿಂತ ಜಾಸ್ತಿ. ಬೇಗ ತೀರಿಕೊಳ್ಳುವವರಲ್ಲಿ ಮೈಮುರಿದು ದುಡಿದವರೇ ಹೆಚ್ಚು. ಅಂಥ ಕೆಲಸದವರಿಗೆ ಬೇರೆ ದಾರಿ ಬಿಡದೆ ವಯಸ್ಸು ಮಾತ್ರ ಏರಿಸಿದರೆ ನನ್ನ ಪ್ರಕಾರ ಅದು ಸುಧಾರಣೆ ಅಲ್ಲ, ಬಡವರ ಜೇಬಿಗೆ ಕೈ ಹಾಕಿದ ಹಾಗೆ.

ಪ್ರಶ್ನೆ: ಸುಳ್ಳು ಹೇಳಿ ಸಹಾಯಧನ ತಗೊಳ್ಳುವವರನ್ನು ಕಂಪ್ಯೂಟರ್ ಹಿಡಿದರೆ ಒಳ್ಳೇದೇ ತಾನೆ? ಪ್ರಾಮಾಣಿಕರಿಗೆ ಯಾಕೆ ಭಯ?

ಉತ್ತರ: ಆಸ್ಟ್ರೇಲಿಯಾದವರೂ ಹೀಗೇ ಅಂದುಕೊಂಡಿದ್ದರು. 2016ರಲ್ಲಿ ದೊಡ್ಡದಾಗಿ ಶುರುವಾದ ಆ ಪದ್ಧತಿಗೆ ಜನ ಇಟ್ಟ ಹೆಸರು ರೋಬೋಡೆಟ್, ಅಂದರೆ ಯಂತ್ರ ಹೊರಿಸಿದ ಸಾಲ. ಅದು ಹೇಗೆ ಕೆಲಸ ಮಾಡುತ್ತಿತ್ತು ಅಂತ ಒಂದು ಲೆಕ್ಕದಲ್ಲಿ ಹೇಳ್ತೀನಿ.

ಒಬ್ಬ ಹುಡುಗಿ ಅರ್ಧ ವರ್ಷ ಕೆಲಸವಿಲ್ಲದೆ ಸಹಾಯಧನದಲ್ಲಿದ್ದಳು. ಉಳಿದ ಅರ್ಧ ವರ್ಷ ಕೆಲಸ ಸಿಕ್ಕಿತು, ಎರಡು ವಾರಕ್ಕೊಮ್ಮೆ 2,000ದಂತೆ 13 ಸಲ ಸಂಬಳ, ಒಟ್ಟು 26,000. ಕೆಲಸ ಸಿಕ್ಕ ದಿನವೇ ಸಹಾಯಧನ ಬೇಡ ಅಂತ ತಿಳಿಸಿದಳು. ಎಲ್ಲ ಸರಿ ಇದೆ ಅಲ್ವಾ? ಕಂಪ್ಯೂಟರ್ ಏನು ಮಾಡಿತು ಅಂದರೆ, ತೆರಿಗೆ ಇಲಾಖೆಯಿಂದ ಆ 26,000 ಅನ್ನೋ ಒಂದೇ ಅಂಕಿ ತಗೊಂಡು ವರ್ಷದ 26 ಕಂತಿಗೆ ಸಮನಾಗಿ ಹಂಚಿತು. ಕಂತಿಗೆ 1,000 ಬಂತು. ಹಾಗಾದರೆ ಕೆಲಸವಿಲ್ಲ ಅಂದ ದಿನಗಳಲ್ಲೂ ನಿನಗೆ ಸಂಬಳ ಬರುತ್ತಿತ್ತು, ಜಾಸ್ತಿ ತಗೊಂಡಿದ್ದೀಯ, ವಾಪಸ್ ಕಟ್ಟು ಅಂತ ನೋಟಿಸ್. ಇಲ್ಲ ಅನ್ನುವುದಾದರೆ ನೀನೇ ತೋರಿಸು, ಎಷ್ಟೋ ವರ್ಷ ಹಿಂದಿನ ಸಂಬಳ ಚೀಟಿ ತಾ. ಮುಚ್ಚಿಹೋದ ಅಂಗಡಿಯ ಸಂಬಳ ಚೀಟಿ ಎಲ್ಲಿಂದ ತರಬೇಕು?

2019ರಲ್ಲಿ ಈ ಲೆಕ್ಕ ಕಾನೂನುಬಾಹಿರ ಅಂತ ಕೋರ್ಟಿನಲ್ಲಿ ತೀರ್ಮಾನವಾಯಿತು, ಮುಂದಿನ ವರ್ಷ ಸರ್ಕಾರ ದುಡ್ಡು ವಾಪಸ್ ಕೊಡಲು ಒಪ್ಪಿತು, 2023ರ ಜುಲೈನಲ್ಲಿ ಇದರ ತನಿಖೆಗೆ ನೇಮಿಸಿದ್ದ ಉನ್ನತ ಆಯೋಗದ (ರಾಯಲ್ ಕಮಿಷನ್) ವರದಿ ಬಂತು. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಗೆ ಕೊಡುವ ಭತ್ಯೆಯಲ್ಲಿ ಹೀಗೇ ಸಣ್ಣಪುಟ್ಟ ತಪ್ಪಿಗೂ ಪೂರ್ತಿ ಹಣ ವಸೂಲಿ ಮಾಡಲು ಹೋಗಿ, 2021ರ ಜನವರಿಯಲ್ಲಿ ಇಡೀ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಕಳ್ಳರನ್ನು ಹಿಡಿಯಲಿ, ಯಾರು ಬೇಡ ಅಂತಾರೆ. ಸಾಬೀತು ಮಾಡುವ ಕೆಲಸ ಹಿಡಿಯುವವರದ್ದಾಗಿರಲಿ.

ಪ್ರಶ್ನೆ: ಪಿಂಚಣಿಯಲ್ಲಿ ಒಂದು ಪೈಸೆ ಕಡಿತ ಮಾಡಿಲ್ಲ ಅಂತಾರೆ. ಆದರೂ ತಿಂಗಳು ದಾಟೋದೇ ಕಷ್ಟ. ಏನಿದು ಮಾಯೆ?

ಉತ್ತರ: ಅಂಕಿ ಹಾಗೇ ಇದೆ, ಬೆಲೆ ಓಡಿದೆ. ಬೆಲೆ ವರ್ಷಕ್ಕೆ ಶೇಕಡಾ 6ರಂತೆ ಏರಿದರೆ 12 ವರ್ಷದಲ್ಲಿ ದುಪ್ಪಟ್ಟು ಆಗುತ್ತದೆ. ಅಂದರೆ ನಿಮ್ಮ ಪಿಂಚಣಿ ಅರ್ಧಕ್ಕೆ ಇಳಿದಿದೆ, ಯಾರೂ ಸಹಿ ಹಾಕದೆ, ಯಾರೂ ಭಾಷಣ ಮಾಡದೆ. ಅಮೆರಿಕದಲ್ಲಿ 1975ರಿಂದ ಬೆಲೆ ಏರಿದಂತೆ ಪಿಂಚಣಿ ತಾನಾಗಿ ಏರುವ ವ್ಯವಸ್ಥೆ ಇದೆ. ಬ್ರಿಟನ್ ಇನ್ನೂ ಮುಂದೆ ಹೋಗಿ ಬೆಲೆ, ಸಂಬಳ, ಶೇಕಡಾ 2.5, ಈ ಮೂರರಲ್ಲಿ ಯಾವುದು ಜಾಸ್ತಿಯೋ ಅಷ್ಟು ಏರಿಸುತ್ತದೆ. ಅದು ನನಗೆ ಸ್ವಲ್ಪ ಅತಿ ಅನ್ಸುತ್ತೆ, ದುಡಿಯುವ ವಯಸ್ಸಿನವರ ಸಂಬಳ ಕುಸಿದ ವರ್ಷವೂ ಪಿಂಚಣಿ ಏರುತ್ತಲೇ ಇರಬೇಕಾಗುತ್ತದೆ. ಬೆಲೆಗೆ ಕಟ್ಟಿಹಾಕಿದರೆ ಸಾಕು. ಅಷ್ಟಾದರೂ ಕಾನೂನಿನಲ್ಲೇ ಇರಲಿ, ಯಾರದೋ ದಯೆ ಮೇಲೆ ಬೇಡ.

ಪ್ರಶ್ನೆ: ಸುಮ್ನೆ ದುಡ್ಡು ಕೊಟ್ಟರೆ ಜನ ಸೋಮಾರಿ ಆಗಲ್ವಾ?

ಉತ್ತರ: ಸೋಮಾರಿತನ ಅನ್ನುವ ಮೊದಲು, ದುಡಿದರೆ ಕೈಗೆ ಎಷ್ಟು ಉಳಿಯುತ್ತೆ ಅಂತ ನೋಡಿ. ಬ್ರಿಟನ್‌ನಲ್ಲಿ 2021ರ ತನಕ ಸಹಾಯಧನ ಪಡೆಯುವವರು, ಅವರಿಗೆ ಬಿಟ್ಟ ಮಿತಿ ದಾಟಿದ ಮೇಲೆ, ಇನ್ನೂ 100 ದುಡಿದರೆ ಸಹಾಯಧನದಲ್ಲಿ 63 ಕಡಿತ ಆಗುತ್ತಿತ್ತು. ಈಗ 55. ನೂರು ದುಡಿದು 37 ಉಳಿಸಿಕೊಳ್ಳಿ ಅಂದರೆ ನೀವು ಹೋಗ್ತೀರಾ?

ಪ್ರಶ್ನೆ: ಅಮ್ಮನಿಗೆ 78. ಯಂತ್ರದಲ್ಲಿ ಬೆರಳ ಗುರುತು ಸಿಗಲಿಲ್ಲ ಅಂತ ಮಾಸಾಶನ ನಿಲ್ಲಿಸಿದ್ದಾರೆ. ಬದುಕಿದ್ದೀನಿ ಅಂತ ಎದುರಿಗೆ ನಿಂತು ಹೇಳಿದರೂ ಕೇಳಲ್ಲ.

ಉತ್ತರ: ಓದಿ ಹೊಟ್ಟೆ ಉರಿಯಿತು. ವಯಸ್ಸಾದಂತೆ ಚರ್ಮ ಒಣಗಿ ಗೆರೆಗಳು ತೆಳುವಾಗುತ್ತವೆ, ಕೈಕೆಲಸ ಮಾಡಿದವರದ್ದು ಸವೆದೇ ಹೋಗಿರುತ್ತದೆ. ಬೆಚ್ಚಗಿನ ನೀರಲ್ಲಿ ಕೈ ತೊಳೆದು ಒರೆಸಿ ಇನ್ನೊಮ್ಮೆ ಪ್ರಯತ್ನಿಸಿ, ಹೆಬ್ಬೆರಳು ಬಿಟ್ಟು ಬೇರೆ ಬೆರಳು ಇಡಿಸಿ. ಆಗಲಿಲ್ಲವೋ, ಬಾಯಿಮಾತು ನಿಲ್ಲಿಸಿ. ಯಾವ ತಾರೀಖಿನಿಂದ, ಯಾವ ನಿಯಮದ ಪ್ರಕಾರ ನಿಲ್ಲಿಸಿದ್ದೀರಿ ಅಂತ ಬರೆದು ಕೇಳಿ, ಅಮ್ಮನನ್ನು ಖುದ್ದಾಗಿ ನೋಡಿ ದಾಖಲಿಸಿಕೊಳ್ಳಿ ಅಂತಲೂ ಸೇರಿಸಿ. ಪ್ರತಿ ಮೇಲೆ ತಾರೀಖಿನ ಸಮೇತ ಸೀಲು ಹಾಕಿಸಿಕೊಳ್ಳಿ. ನಿಂತ ತಿಂಗಳುಗಳ ಬಾಕಿಯನ್ನೂ ಅದೇ ಅರ್ಜಿಯಲ್ಲಿ ಕೇಳಿಬಿಡಿ. ಅದಕ್ಕೆ ಬೇರೆ ಅರ್ಜಿ ಕೊಡಿ ಅಂತ ಅಮ್ಮನನ್ನು ಮತ್ತೆ ಅಲೆಸಬಾರದು.